‘ರೇಜ್’ ಎಂಬ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರದಲ್ಲಿ ನಾನು ಸಂಜೆ ಹೊತ್ತು ಇಂಗ್ಲಿಷ್ ತರಗತಿ ನಡೆಸುತ್ತೇನೆ. ಬರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೇ ಜಾಸ್ತಿ. ಡಿಗ್ರಿ ಓದುವ ಹುಡುಗ ಹುಡುಗಿಯರು, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವವರು, ಕ್ಯಾಬ್ ಓಡಿಸುವವರು. ಒಂದು ಸಂಜೆ ಕ್ಯಾಬ್ ಓಡಿಸುವ ಅಣ್ಣ ಒಬ್ಬರು ಎದ್ದು ಕೇಳಿದರು: “ಮೇಡಂ, ಆ್ಯಂಗರ್ ಅಂದ್ರೂ ಕೋಪ, ರೇಜ್ ಅಂದ್ರೂ ಕೋಪ ಅಂತ ಡಿಕ್ಷನರೀಲಿ ಇದೆ. ಹಾಗಿದ್ರೆ ರಸ್ತೆ ಜಗಳಕ್ಕೆ ಪೇಪರ್‌ನಲ್ಲಿ ರೋಡ್ ಆ್ಯಂಗರ್ ಅಂತ ಯಾಕೆ ಹಾಕಲ್ಲ? ರೋಡ್ ರೇಜ್ ಅಂತಲೇ ಯಾಕೆ?”

ಅವತ್ತು ನಾನು ಕೊಟ್ಟದ್ದು ಅರ್ಧ ಉತ್ತರ. ಆಮೇಲೆ ಬೇರೆಯವರೂ ಕೇಳತೊಡಗಿದರು. ಈ ಒಂದು ಪುಟ್ಟ ಪದದ ಸುತ್ತ ಇಷ್ಟು ಪ್ರಶ್ನೆ ಸೇರಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ, ರೇಜ್ ಅಂದರೆ ಏನು?

ಕೈಮೀರಿದ ಕೋಪ. ಕೋಪ ಮನುಷ್ಯನ ಕೈಯಲ್ಲಿರುವುದು ಹೋಗಿ, ಮನುಷ್ಯನೇ ಕೋಪದ ಕೈಗೆ ಸಿಕ್ಕಿದಾಗ ಅದಕ್ಕೆ ಇಂಗ್ಲಿಷಿನಲ್ಲಿ ರೇಜ್ ಎನ್ನುತ್ತಾರೆ.

ಅಂದರೆ ತುಂಬಾ ಜಾಸ್ತಿ ಕೋಪ, ಅಷ್ಟೇ ಅಲ್ವಾ?

ಹೆಚ್ಚಿನವರು ಹಾಗೇ ತಿಳಿದಿರುತ್ತಾರೆ. ಸ್ವಲ್ಪ ಸಿಟ್ಟು ಬಂದರೆ ಆ್ಯಂಗರ್, ಜಾಸ್ತಿ ಬಂದರೆ ರೇಜ್, ಒಲೆಯ ಉರಿ ಸಣ್ಣದು ದೊಡ್ಡದು ಮಾಡಿದ ಹಾಗೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ.

ಮಗ ಮಾರ್ಕ್ಸ್ ಕಾರ್ಡಿನ ಮೇಲೆ ತಾನೇ ಸಹಿ ಹಾಕಿಕೊಂಡಿದ್ದಾನೆ ಎಂದುಕೊಳ್ಳಿ. ಅಪ್ಪನಿಗೆ ವಿಪರೀತ ಕೋಪ ಬಂದಿದೆ. ವಾರಗಟ್ಟಲೆ ಮಾತು ಬಿಡುತ್ತಾರೆ. ಆದರೆ ತಾನು ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂಬುದು ಅವರಿಗೆ ಪೂರ್ತಿ ಗೊತ್ತು. ಕೋಪ ಎಷ್ಟೇ ದೊಡ್ಡದಿದ್ದರೂ ಅದನ್ನು ರೇಜ್ ಎನ್ನಲು ಬರುವುದಿಲ್ಲ.

ಇನ್ನೊಂದು ಕಡೆ, ಮೈಸೂರು ರಸ್ತೆಯ ಸಿಗ್ನಲ್ ಒಂದರಲ್ಲಿ ನಾನೇ ಕಣ್ಣಾರೆ ಕಂಡದ್ದು. ಕಾರಿನ ಕನ್ನಡಿ ಬೈಕಿಗೆ ಸುಮ್ನೆ ಸವರಿತು. ಗೀರು ಕೂಡ ಬಿದ್ದಿರಲಿಲ್ಲ. ಬೈಕಿನವನು ಇಳಿದು, ಹೆಲ್ಮೆಟ್ ತೆಗೆದು, ಕಾರಿನ ಗಾಜಿಗೆ ಬಾರಿಸತೊಡಗಿದ. ಐದಾರು ಏಟು. ಗಾಜು ಬಿರುಕು ಬಿಟ್ಟಿತು. ಆಮೇಲೆ ಅವನೇ ನಿಂತುಬಿಟ್ಟ. ಕೈಯಲ್ಲಿದ್ದ ಹೆಲ್ಮೆಟ್ ನೋಡಿಕೊಂಡ. ಕಾರಿನೊಳಗೆ ಹಿಂದಿನ ಸೀಟಿನಲ್ಲಿ ಒಂದು ಮಗು ಅಳುತ್ತಿತ್ತು. ಅವನ ಮುಖದಲ್ಲಿ ಆಗ ಕೋಪದ ಸುಳಿವೇ ಇರಲಿಲ್ಲ. ನಿದ್ದೆಯಿಂದ ಎದ್ದವನ ಮುಖದ ಹಾಗಿತ್ತು. ಆ ಅರ್ಧ ನಿಮಿಷದಲ್ಲಿ ಅವನನ್ನು ಹಿಡಿದಿದ್ದು ರೇಜ್.

ಹಾಗಾಗಿ ಅಳತೆಗಿಂತ ಹಿಡಿತವನ್ನು ನೋಡಿ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಪದದ ಹುಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ಈ ಪದ ಎಲ್ಲಿಂದ ಬಂತು?

ಮೂಲ ಲ್ಯಾಟಿನ್. ಅಲ್ಲಿ ‘ರಬೆರೆ’ ಎಂಬ ಕ್ರಿಯಾಪದವಿತ್ತು. ಹುಚ್ಚು ಹಿಡಿಯುವುದು, ಹುಚ್ಚು ಹಿಡಿದಂತೆ ಕೂಗಾಡುವುದು ಎಂದು ಅರ್ಥ. ಅದರಿಂದ ‘ರಬಿಯೆಸ್’ ಎಂಬ ನಾಮಪದ ಹುಟ್ಟಿತು. ಹುಚ್ಚು, ಆವೇಶ ಎಂದರ್ಥ. ಆಡುಮಾತಿನಲ್ಲಿ ಅದು ‘ರಬಿಯ’ ಆಯಿತು. ಹಳೆಯ ಫ್ರೆಂಚ್ ಅದನ್ನು ಸವೆಸಿ ‘ರಾಜ್’ ಎಂದು ಮಾಡಿತು. ಬರೆಯುವುದು ಆರ್, ಎ, ಜಿ, ಇ ಎಂದೇ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ನೂರಾರು ವರ್ಷ ಅಲ್ಲಿನ ಅರಮನೆ, ಕೋರ್ಟು ಎಲ್ಲ ಕಡೆ ಫ್ರೆಂಚ್ ಮಾತು. ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿನೊಳಗೆ ಇಳಿದವು. ರೇಜ್ ಕೂಡ ಹೀಗೇ ಬಂತು, ಸುಮಾರು 1300ರ ಹೊತ್ತಿಗೆ. ಆಗಿನ ಇಂಗ್ಲಿಷಿನಲ್ಲಿ ಅದರ ಅರ್ಥಗಳಲ್ಲಿ ಹುಚ್ಚು, ಬುದ್ಧಿ ತಪ್ಪುವುದು ಕೂಡ ಸೇರಿದ್ದವು. ನಿಧಾನವಾಗಿ ಹುಚ್ಚಿನ ಅರ್ಥ ಹಿಂದೆ ಸರಿದು, ಕೋಪದ ಅರ್ಥ ಮುಂದೆ ಬಂದು ನಿಂತಿತು.

‘ಬ’ ಇದ್ದದ್ದು ‘ಜ’ ಹೇಗಾಯಿತು? ನಂಬೋಕೆ ಕಷ್ಟ.

ಕನ್ನಡ ವ್ಯಾಕರಣ ಓದಿದವರಿಗೆ ಇದು ಕಷ್ಟವಾಗಬಾರದು. ಹೈಸ್ಕೂಲಿನಲ್ಲಿ ತತ್ಸಮ ತದ್ಭವ ಬಾಯಿಪಾಠ ಮಾಡಿದ್ದು ನೆನಪಿದೆಯಾ? ವಿದ್ಯೆ ಹೋಗಿ ಬಿಜ್ಜೆ ಆಯಿತು. ಉದ್ಯೋಗ ಹೋಗಿ ಉಜ್ಜುಗ ಆಯಿತು. ಕಾರ್ಯ ಹೋಗಿ ಕಜ್ಜ ಆಯಿತು. ಮೂರರಲ್ಲೂ ಒಂದು ವ್ಯಂಜನದ ಜೊತೆ ಯಕಾರ ಇತ್ತು. ಎರಡೂ ಬಾಯಲ್ಲಿ ಬೆರೆತು ‘ಜ’ ಆದವು.

ಫ್ರೆಂಚಿನಲ್ಲೂ ಆದದ್ದು ಇದೇ. ‘ರಬಿಯ’ ಎಂದು ಬೇಗ ಬೇಗ ಹೇಳಿ ನೋಡಿ. ರಬ್ಯ ಆಗುತ್ತದೆ. ಆ ‘ಬ್ಯ’ ಸವೆದು ‘ಜ’ ಆಯಿತು. ಇದೊಂದೇ ಪದದಲ್ಲಿ ಆದದ್ದೂ ಅಲ್ಲ. ಕೆಂಪು ಎಂಬ ಅರ್ಥದ ಲ್ಯಾಟಿನ್ ‘ರುಬೆಯುಸ್’ ಫ್ರೆಂಚಿನಲ್ಲಿ ‘ರೂಜ್’ ಆಗಿದೆ, ಕೆನ್ನೆಗೆ ಹಚ್ಚುವ ರೂಜ್. ಪಂಜರ ಎಂಬ ಅರ್ಥದ ‘ಕವೆಯ’ ಹೀಗೇ ಸವೆದು ಇಂಗ್ಲಿಷಿನ ‘ಕೇಜ್’ ತನಕ ಬಂದಿದೆ.

ಇನ್ನೂ ಒಂದು ಸ್ವಾರಸ್ಯವಿದೆ. 17ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ವೈದ್ಯರಿಗೆ ಒಂದು ರೋಗದ ಹೆಸರು ಬೇಕಿತ್ತು. ಅವರು ನೇರ ಲ್ಯಾಟಿನ್ನಿಗೆ ಹೋಗಿ ಮೂಲ ಪದವನ್ನೇ ಎತ್ತಿಕೊಂಡು ಬಂದರು. ಅದೇ ‘ರೇಬೀಸ್’. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಪದ ಎರಡು ವೇಷದಲ್ಲಿದೆ. ರೇಬೀಸ್ ತತ್ಸಮ, ರೇಜ್ ತದ್ಭವ. ಹೀಗೆ ಹೇಳಿದ ಮೇಲೆ ನನ್ನ ತರಗತಿಯಲ್ಲಿ ಯಾರೂ ಇದನ್ನು ಮರೆತಿಲ್ಲ.

ಅಂದರೆ ನಾಯಿ ಕಚ್ಚಿದರೆ ಬರುವ ರೇಬೀಸ್, ಅದೇನಾ?

ಅದೇ. ಕೋಪದ ಪದಕ್ಕೂ ಹುಚ್ಚುನಾಯಿ ರೋಗಕ್ಕೂ ಒಂದೇ ಬೇರು. ಫ್ರೆಂಚರು ಇವತ್ತಿಗೂ ಎರಡಕ್ಕೂ ಒಂದೇ ಪದ ಬಳಸುತ್ತಾರೆ. ಸ್ಪ್ಯಾನಿಷಿನ ‘ರಬಿಯ’, ಇಟಾಲಿಯನ್ನಿನ ‘ರಬ್ಬಿಯ’ ಕೂಡ ಹಾಗೇ, ಕೋಪವೂ ಹೌದು, ರೋಗವೂ ಹೌದು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಡಲು ಶುರು ಮಾಡಿದರಲ್ಲ, ಅವರ ಭಾಷೆಯಲ್ಲಿ ಅದು ‘ರಾಜ್’ ವಿರುದ್ಧದ ಲಸಿಕೆ.

ನಮ್ಮ ಊರಿನಲ್ಲಿ ಈ ನೆಂಟಸ್ತಿಕೆ ಕಣ್ಣಿಗೇ ಕಾಣುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಎಂದರೆ ಎಲ್ಲರಿಗೂ ಮನಸ್ಸಿನ ಕಾಯಿಲೆಯ ಆಸ್ಪತ್ರೆ ಎಂದೇ ಗೊತ್ತು. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಒಂದು ತರಬೇತಿ ಸಂಸ್ಥೆ ಸೇರಿ 1974ರಲ್ಲಿ ಅದು ಈಗಿನ ರೂಪಕ್ಕೆ ಬಂತು. ಅದೇ ಆವರಣದಲ್ಲಿ ರೇಬೀಸ್ ವೈರಸ್ ಬಗ್ಗೆಯೂ ಸಂಶೋಧನೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ ರೇಬೀಸ್ ಕೇಂದ್ರ ಅಲ್ಲಿದೆ. ಕೋಪ ಹತೋಟಿಗೆ ಬಾರದೆ ಒದ್ದಾಡುವವರಿಗೆ ಸಹಾಯ ಸಿಗುವ ಜಾಗವೂ ಅದೇ, ರೇಬೀಸ್ ಪರೀಕ್ಷೆಯ ಜಾಗವೂ ಅದೇ. ಆ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ.

ವಿಷಯ ಬಂತು ಅಂತ ಹೇಳುತ್ತೇನೆ, ಇದು ಪದಕ್ಕಿಂತ ಮುಖ್ಯ. ನಾಯಿ ಕಚ್ಚಿದರೆ, ಪರಚಿದರೂ ಸಹ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾರದಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಡಾಕ್ಟರ್ ಹೇಳಿದಷ್ಟು ಇಂಜೆಕ್ಷನ್ ಪೂರ್ತಿ ತೆಗೆದುಕೊಳ್ಳಿ. ಲಕ್ಷಣ ಶುರುವಾದ ಮೇಲೆ ಈ ರೋಗದಿಂದ ಉಳಿಯುವವರು ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ. ಅದಕ್ಕೆ ಮೊದಲೇ ಲಸಿಕೆ ಬಿದ್ದರೆ ತಡೆಯಬಹುದು.

ಕನ್ನಡದ ‘ರೇಗು’, ‘ರೇಗಾಡು’ ಇದರಿಂದಲೇ ಬಂದದ್ದಾ?

ಇದು ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ. ಯಾರು ಕೇಳಿದರೂ ಬೇಸರವಿಲ್ಲ, ಅಷ್ಟು ಸಹಜವಾದ ಅನುಮಾನ. ರೇಗು, ರೇಜ್. ಸದ್ದು ಹತ್ತಿರ, ಅರ್ಥ ಹತ್ತಿರ. ಇಂಗ್ಲಿಷ್ ಕಾಗುಣಿತದಲ್ಲಂತೂ ‘ಜಿ’ ಅಕ್ಷರವೇ ಕೂತಿದೆ.

ಆದರೂ ನೆಂಟಸ್ತಿಕೆ ಇಲ್ಲ. ರೇಗು ನಮ್ಮದೇ ದ್ರಾವಿಡ ಪದ. ತೆಲುಗಿನಲ್ಲೂ ರೇಗು ಇದೆ. ಅಲ್ಲಿ ಅದಕ್ಕೆ ಕೆರಳು, ಮೇಲೆದ್ದು ಹರಡು ಎಂಬ ಅರ್ಥಗಳಿವೆ. ಧೂಳು ಎದ್ದಿತು ಎನ್ನಲು ಅವರು ‘ದುಮ್ಮು ರೇಗಿಂದಿ’ ಎನ್ನುತ್ತಾರೆ. ಅಂದರೆ ರೇಗುವುದು ಎಂದರೆ ಒಳಗೆ ತಣ್ಣಗೆ ಕೂತಿದ್ದು ಧೂಳಿನ ಹಾಗೆ ಮೇಲೇಳುವುದು. ನಮ್ಮ ಮನೆಯಲ್ಲಿ ಅಮ್ಮ “ಸುಮ್ನೆ ಅವನನ್ನ ರೇಗಿಸಬೇಡ” ಎಂದಾಗ ಇರುವ ಅರ್ಥವೂ ಇದೇ, ಕೂತ ಧೂಳನ್ನು ಕೆದಕಬೇಡ.

ಇನ್ನೊಂದು ವ್ಯತ್ಯಾಸ ಗಮನಿಸಿ. ರೇಗುವುದರಲ್ಲಿ ಕೋಪ ಚಿಕ್ಕದು. ರೇಗಿಸುವುದರಲ್ಲಿ ತಮಾಷೆಯೂ ಇರಬಹುದು. ರೇಜ್‌ನಲ್ಲಿ ತಮಾಷೆಗೆ ಜಾಗವೇ ಇಲ್ಲ.

ಹಾಗಾದರೆ ನಮ್ಮ ಭಾಷೆಯಲ್ಲಿ ಇದರ ನೆಂಟ ಪದ ಯಾವುದೂ ಇಲ್ವಾ?

ಒಂದು ಇರಬಹುದು. ಅದೂ ನಾವು ದಿನಾ ಬಳಸುವ ಪದ: ರಭಸ.

ಲ್ಯಾಟಿನ್ನಿನ ‘ರಬಿಯೆಸ್’ ಮತ್ತು ಸಂಸ್ಕೃತದ ‘ರಭಸ್’ ಒಂದೇ ಬೇರಿನವು ಎಂದು ಹಲವು ಭಾಷಾತಜ್ಞರು ಹೇಳಿದ್ದಾರೆ. ಎರಡರಲ್ಲೂ ತಡೆಯಲಾಗದ ಜೋರು ಇದೆ. ಎಲ್ಲರೂ ಇದನ್ನು ಒಪ್ಪಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಬರೆಯುವಾಗ ‘ಇರಬಹುದು’ ಎಂದೇ ಬರೆಯಿರಿ. ಆದರೆ ನನಗೆ ಈ ಊಹೆ ತುಂಬಾ ಇಷ್ಟ, ಕಾರಣ ಹೇಳುತ್ತೇನೆ.

ಸಂಸ್ಕೃತದ ‘ರಭ್’ ಧಾತುವಿಗೆ ಹಿಡಿಯುವುದು ಎಂಬ ಅರ್ಥವಿದೆ. ಆರಂಭ ಎಂಬ ಪದವೂ ಅದರಿಂದಲೇ ಬಂದದ್ದು, ಕೆಲಸವನ್ನು ಕೈಗೆ ಹಿಡಿಯುವುದು. ರೇಜ್ ಕೂಡ ಇದೇ ಬೇರಿನದಾದರೆ, ಅದರ ತಳದಲ್ಲಿರುವ ಚಿತ್ರ ‘ಏನೋ ಬಂದು ಹಿಡಿದುಕೊಂಡಿತು’ ಎಂಬುದು. ಕನ್ನಡದಲ್ಲಿ ನಾವು ಏನೆನ್ನುತ್ತೇವೆ? ಹುಚ್ಚು ಹಿಡಿಯಿತು. ದೆವ್ವ ಹಿಡಿಯಿತು. ಗ್ರಹಣ ಹಿಡಿಯಿತು. ನಾವು ಹೋಗಿ ಹುಚ್ಚನ್ನು ಹಿಡಿಯುವುದಿಲ್ಲ, ಅದು ಬಂದು ನಮ್ಮನ್ನು ಹಿಡಿಯುತ್ತದೆ.

ಔಟ್‌ರೇಜ್ ಅಂದರೆ ಹೊರಗೆ ಬಂದ ರೇಜ್ ತಾನೇ?

ಅಲ್ಲ. ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಮೋಸ ಹೋಗುತ್ತಾರೆ. ಈ ಪದದಲ್ಲಿ ‘ಔಟ್’ ಇಲ್ಲ, ‘ರೇಜ್’ ಕೂಡ ಇಲ್ಲ. ಲ್ಯಾಟಿನ್ನಿನ ‘ಅಲ್ಟ್ರಾ’, ಅಂದರೆ ಆಚೆಗೆ, ಮೀರಿ. ಅದು ಫ್ರೆಂಚಿನಲ್ಲಿ ‘ಊತ್ರ್’ ಆಯಿತು. ಅದಕ್ಕೆ ‘ಆಜ್’ ಎಂಬ ಪ್ರತ್ಯಯ ಸೇರಿತು. ಪ್ಯಾಕೇಜ್, ಮ್ಯಾರೇಜ್ ಪದಗಳ ಕೊನೆಯಲ್ಲಿ ಇದೆಯಲ್ಲ, ಅದೇ ಪ್ರತ್ಯಯ. ಒಟ್ಟು ಅರ್ಥ ‘ಮಿತಿ ಮೀರಿದ ನಡತೆ’. ಇಂಗ್ಲಿಷಿಗೆ ಬಂದ ಮೇಲೆ ಜನರ ಕಿವಿಗೆ ಅದು ಔಟ್ ಮತ್ತು ರೇಜ್ ಸೇರಿದ ಹಾಗೆ ಕೇಳಿಸಿತು. ಅರ್ಥವೂ ಮೆಲ್ಲಗೆ ಕೋಪದ ಕಡೆಗೆ ವಾಲಿತು.

ಅದಕ್ಕೆ ಕನ್ನಡ ಪತ್ರಿಕೆಗಳು ‘ಆಕ್ರೋಶ’ ಎಂದು ಬಳಸುತ್ತವೆ. ಸಾರ್ವಜನಿಕರ ಆಕ್ರೋಶ, ಗ್ರಾಮಸ್ಥರ ಆಕ್ರೋಶ. ಇದು ಒಳ್ಳೆಯ ಆಯ್ಕೆ. ಆಕ್ರೋಶದ ಬೇರಿನಲ್ಲಿರುವ ‘ಕ್ರುಶ್’ ಎಂದರೆ ಕೂಗುವುದು. ದೂರ ಅಳೆಯುವ ಹಳೆಯ ಅಳತೆ ‘ಕ್ರೋಶ’ ಕೂಡ ಇದೇ ಬೇರಿನದು, ಕೂಗು ಕೇಳಿಸುವಷ್ಟು ದೂರ. ನಾವು ‘ಕೂಗಳತೆ ದೂರ’ ಎನ್ನುತ್ತೇವಲ್ಲ, ಥೇಟ್ ಅದೇ. ತಪ್ಪು ನಡೆದಾಗ ಜನ ಸೇರಿ ಕೂಗುವುದು ಆಕ್ರೋಶ. ಅದರಲ್ಲಿ ನ್ಯಾಯದ ಮಾತಿದೆ. ರೇಜ್‌ಗೆ ನ್ಯಾಯ ಅನ್ಯಾಯದ ಪರಿವೆ ಇಲ್ಲ. ಎರಡನ್ನೂ ಬೆರೆಸಬೇಡಿ ಎಂದು ನನ್ನ ವಿನಂತಿ.

ಫ್ಯಾಶನ್ ಬಗ್ಗೆ ಹೇಳುವಾಗ ‘ಆಲ್ ದ ರೇಜ್’ ಅಂತಾರೆ. ಅಲ್ಲಿ ಕೋಪ ಎಲ್ಲಿದೆ?

ಅಲ್ಲಿ ಇರುವುದು ಹಳೆಯ ಅರ್ಥ, ಹುಚ್ಚು. ಊರಿಗೆ ಊರೇ ಒಂದು ವಸ್ತುವಿನ ಹಿಂದೆ ಬಿದ್ದರೆ ‘ಆಲ್ ದ ರೇಜ್’. 18ನೇ ಶತಮಾನದ ಕೊನೆಯಿಂದ ಈ ಬಳಕೆ ಇದೆ. ನಾವೂ ಸಿನಿಮಾ ಹುಚ್ಚು, ಕ್ರಿಕೆಟ್ ಹುಚ್ಚು ಎನ್ನುತ್ತೇವೆ.

ಆ್ಯಂಗರ್, ಫ್ಯೂರಿ, ರಾಥ್ ಇವೆಲ್ಲಾ ಏನು?

ಪ್ರತಿಯೊಂದರ ಹಿಂದೆ ಬೇರೆ ಬೇರೆ ಚಿತ್ರ ಇದೆ.

ಆ್ಯಂಗರ್ ನನಗೆ ಅಚ್ಚುಮೆಚ್ಚು. ಇದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಅಲ್ಲಿ ‘ಆಂಗ್ರ್’ ಎಂದರೆ ದುಃಖ, ಸಂಕಟ. ಅದರ ಇನ್ನೂ ಹಳೆಯ ಬೇರಿಗೆ ಇಕ್ಕಟ್ಟು, ಬಿಗಿ ಎಂಬ ಅರ್ಥ. ಆಂಗ್ವಿಶ್ (ಯಾತನೆ), ಆ್ಯಂಕ್ಷಸ್ (ಆತಂಕಗೊಂಡ) ಎಂಬ ಪದಗಳೂ ಆ ಬೇರಿನವೇ. ಅಂದರೆ ಕೋಪದ ಕೆಳಗೆ ಸಂಕಟ, ಸಂಕಟದ ಕೆಳಗೆ ಇಕ್ಕಟ್ಟು. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಬರಲು ಜಾಗವಿಲ್ಲ, ಎದೆಯಲ್ಲೂ ಜಾಗವಿಲ್ಲ.

ರಾಥ್ ಹಳೆಯ ಇಂಗ್ಲಿಷಿನದು. ಬರೆಯುವಾಗ ಮುಂದೆ ಡಬ್ಲ್ಯು ಇದೆ, ಉಚ್ಚರಿಸುವುದಿಲ್ಲ. ತಿರುಚುವುದು ಎಂಬ ಅರ್ಥದ ಬೇರು. ಬಟ್ಟೆ ಹಿಂಡುವ ‘ರಿಂಗ್’, ಹೂವಿನ ‘ರೀತ್’ ಮುಂತಾದ ಡಬ್ಲ್ಯು-ಆರ್ ಪದಗಳಲ್ಲೂ ಈ ತಿರುಚು ಇದೆ. ರಾಥ್ ಈಗ ಹೆಚ್ಚಾಗಿ ದೇವರ ಕೋಪಕ್ಕೆ, ಗಂಭೀರ ಬರಹಕ್ಕೆ ಮೀಸಲು. ನಮ್ಮ ‘ಕ್ರೋಧ’ ಇದ್ದ ಹಾಗೆ. ಅರಿಷಡ್ವರ್ಗದ ಕ್ರೋಧಕ್ಕೆ ಇಂಗ್ಲಿಷಿನಲ್ಲಿ ರಾಥ್ ಎಂದು ಬರೆದರೆ ಒಪ್ಪುತ್ತದೆ.

ಫ್ಯೂರಿ ಲ್ಯಾಟಿನ್ನಿನದು. ಅದರಲ್ಲೂ ಹುಚ್ಚಿನ ಅರ್ಥವಿದೆ. ರೋಮನ್ನರ ಪುರಾಣದಲ್ಲಿ ಪಾಪ ಮಾಡಿದವರನ್ನು ಬೆನ್ನಟ್ಟುವ ಸೇಡಿನ ದೇವತೆಗಳಿಗೆ ಇದೇ ಹೆಸರು. ಐರ್ ಎಂಬುದೂ ಲ್ಯಾಟಿನ್ನಿನದೇ, ಪತ್ರಿಕೆಯ ತಲೆಬರಹಕ್ಕೆ ಚಿಕ್ಕದಾಗಿ ಹೊಂದುತ್ತದೆ, ಮಾತಿನಲ್ಲಿ ಬಳಸಬೇಡಿ. ಕಾಲೆರಿಕ್ ಎಂದರೆ ಸಿಡುಕ. ಗ್ರೀಕಿನ ಪಿತ್ತ ಎಂಬ ಪದದಿಂದ ಬಂದದ್ದು. ‘ಪಿತ್ತ ನೆತ್ತಿಗೇರಿತು’ ಎಂದು ನಾವು ಹೇಳುವುದಕ್ಕೂ ಅದಕ್ಕೂ ಒಂದೇ ನಂಬಿಕೆ.

ಕನ್ನಡದಲ್ಲಿ ರೇಜ್‌ಗೆ ಸರಿಯಾದ ಪದ ಯಾವುದು?

ಕೋಪದ ಪದಗಳಿಗೆ ಕನ್ನಡದಲ್ಲಿ ಬರ ಇಲ್ಲ. ಸಿಟ್ಟು ಮನೆಯೊಳಗಿನದು, ಹೆಂಡತಿಗೂ ಬರುತ್ತೆ, ಮೇಷ್ಟ್ರಿಗೂ ಬರುತ್ತೆ. ಮುನಿಸು ಪ್ರೀತಿ ಇರುವ ಕಡೆ ಮಾತ್ರ ಬರುವಂಥದ್ದು. ಅಪರಿಚಿತರ ಮೇಲೆ ಯಾರಾದರೂ ಮುನಿಸಿಕೊಳ್ಳುತ್ತಾರಾ? ಹಿಂದೆ ಇದಕ್ಕೆ ಇನ್ನೂ ಬಲವಿತ್ತು. 12ನೇ ಶತಮಾನದ ಬಸವಣ್ಣನವರ ವಚನದಲ್ಲಿ ‘ಮುನಿ’ ಎಂಬ ಕ್ರಿಯಾಪದ ನೇರ ಕೋಪದ ಅರ್ಥದಲ್ಲೇ ಬರುತ್ತದೆ. ಅದೇ ವಚನದಲ್ಲಿ ಅವರು ಕೋಪವನ್ನು ಮನೆಯೊಳಗಿನ ಕಿಚ್ಚಿಗೆ ಹೋಲಿಸುತ್ತಾರೆ. ತಮಿಳಿನಲ್ಲೂ ಈ ‘ಮುನಿ’ ಇದೆ. ಋಷಿ ಮುನಿಗಳ ಮುನಿ ಮಾತ್ರ ಬೇರೆ, ಅದು ಸಂಸ್ಕೃತದ್ದು.

ರೋಷ ಎಂದರೆ ಸ್ವಾಭಿಮಾನಕ್ಕೆ ಪೆಟ್ಟು ಬಿದ್ದಾಗ ಬರುವ ಕೋಪ. “ನಿನಗೆ ರೋಷ ಇಲ್ವಾ?” ಎಂದು ಕೇಳುತ್ತೇವೆ. ಅಂದರೆ ಅದು ಇರಬೇಕಾದ ಗುಣ. ‘ನಿನಗೆ ರೇಜ್ ಇಲ್ವಾ’ ಎಂದು ಇಂಗ್ಲಿಷಿನವರು ಹೀಗೆ ಕೇಳುವುದಿಲ್ಲ. ಹಾಗಾಗಿ ರೋಷ ಹೊಂದುವುದಿಲ್ಲ.

ನನ್ನ ಪ್ರಕಾರ ಅರ್ಥದಲ್ಲಿ ಅತಿ ಹತ್ತಿರ ಬರುವುದು ಎರಡು. ಒಂದು ರೊಚ್ಚು. ‘ರೊಚ್ಚಿಗೆದ್ದ ಗುಂಪು’ ಎಂದಾಗ ಅಲ್ಲಿ ಯೋಚನೆ ನಿಂತುಹೋಗಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು, ತಕ್ಷಣ ಹೊಳೆಯದ ಉತ್ತರ, ಹುಚ್ಚು.

ಸ್ವಲ್ಪ ಯೋಚನೆ ಮಾಡಿ ನೋಡಿ. ರೇಜ್ ಪದದ ಎಲ್ಲ ಕೊಂಬೆಗಳೂ ಕನ್ನಡದ ಹುಚ್ಚಿನಲ್ಲಿ ಇವೆ. ರೋಗಕ್ಕೆ ಹುಚ್ಚುನಾಯಿ. ಕಟ್ಟು ಮೀರಿದ ನೀರಿಗೆ ಹುಚ್ಚು ಹೊಳೆ, ಇಂಗ್ಲಿಷಿನಲ್ಲಿ ಅದು ರೇಜಿಂಗ್ ರಿವರ್. ಗೀಳಿಗೆ ಸಿನಿಮಾ ಹುಚ್ಚು. ತೆಲುಗಿನವರು ಹುಚ್ಚುನಾಯಿಯನ್ನು ‘ಪಿಚ್ಚಿ ಕುಕ್ಕ’ ಎನ್ನುತ್ತಾರೆ, ಅವರ ಪಿಚ್ಚಿಗೂ ಇಷ್ಟೇ ಹರವು. ತಮಿಳಿನವರ ‘ವೆರಿ’ ಇನ್ನೂ ಹತ್ತಿರ. ವೆರಿ ನಾಯ್ ಎಂದರೆ ಹುಚ್ಚುನಾಯಿ, ಆವೇಶವೂ ವೆರಿ, ಅಭಿಮಾನಿಗಳ ಹುಚ್ಚೂ ವೆರಿ. ನಮ್ಮ ತರಗತಿಯಲ್ಲಿ ಶ್ರೀರಾಮಪುರದಿಂದ ಬರುವ ಹುಡುಗಿಯೊಬ್ಬಳು ಇದನ್ನು ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಬೆಂಗಳೂರಿನ ಒಂದು ಕೋಣೆಯಲ್ಲಿ ಕೂತರೆ ಇಷ್ಟೆಲ್ಲ ಭಾಷೆ ಒಟ್ಟಿಗೆ ಸಿಗುತ್ತವೆ.

ರೋಡ್ ರೇಜ್ ಎಂಬುದು ಯಾವಾಗ ಶುರುವಾಯಿತು? ಅದಕ್ಕೆ ಕಾನೂನು ಇದೆಯಾ?

ಪದ ಹುಟ್ಟಿದ್ದು ಅಮೆರಿಕದಲ್ಲಿ, 1980ರ ದಶಕದ ಕೊನೆಯಲ್ಲಿ. 1990ರ ದಶಕದಲ್ಲಿ ಎಲ್ಲ ಕಡೆ ಹಬ್ಬಿತು. ಈಗ ಬೆಂಗಳೂರಿನ ಕನ್ನಡ ಪತ್ರಿಕೆಗಳಿಗೂ ಅದು ಮನೆಯ ಪದ.

ನಮ್ಮ ಕಾನೂನಿನಲ್ಲಿ ‘ರೋಡ್ ರೇಜ್’ ಎಂಬ ಹೆಸರಿನ ಪ್ರತ್ಯೇಕ ಅಪರಾಧ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. ಪೊಲೀಸರು ನಡೆದದ್ದನ್ನು ನೋಡಿ ಹಲ್ಲೆ, ದಾರಿ ಅಡ್ಡಗಟ್ಟುವುದು, ಬೆದರಿಕೆ, ಅಡ್ಡಾದಿಡ್ಡಿ ಚಾಲನೆ ಹೀಗೆ ಬೇರೆ ಬೇರೆ ಸೆಕ್ಷನ್ ಹಾಕುತ್ತಾರೆ. ಯಾರಾದರೂ ನಿಮ್ಮ ಗಾಡಿ ಅಡ್ಡಗಟ್ಟಿದರೆ ಕೆಳಗೆ ಇಳಿಯಬೇಡಿ, ಗಾಜು ಏರಿಸಿ, 112ಕ್ಕೆ ಕರೆ ಮಾಡಿ. ನಮ್ಮ ತರಗತಿಯ ಕ್ಯಾಬ್ ಚಾಲಕರೆಲ್ಲ ಒಂದೇ ದನಿಯಲ್ಲಿ ಹೇಳಿದ್ದು ಇದನ್ನೇ.

ರೇಜ್ ಬೈಟ್ ಅಂದರೆ?

ಬೈಟ್ ಎಂದರೆ ಗಾಳಕ್ಕೆ ಸಿಕ್ಕಿಸುವ ಎರೆ. ಜನರನ್ನು ಬೇಕೆಂದೇ ಕೆರಳಿಸಿ, ಕಮೆಂಟ್ ಮತ್ತು ಶೇರ್ ಹೆಚ್ಚಿಸಿಕೊಳ್ಳಲು ಹಾಕುವ ವಿಡಿಯೋ, ಬರಹ ಇವೆಲ್ಲ ರೇಜ್ ಬೈಟ್. ಆಕ್ಸ್‌ಫರ್ಡ್ ನಿಘಂಟಿನವರು 2025ರ ವರ್ಷದ ಪದವಾಗಿ ಇದನ್ನೇ ಆರಿಸಿದರು.

ಕನ್ನಡಿಗರು, ಹೊರಗಿನವರು ಎಂಬ ಜಗಳ ಹಚ್ಚುವ ಬೆಂಗಳೂರಿನ ವಿಡಿಯೋಗಳನ್ನು ನೀವು ನೋಡಿಯೇ ಇರುತ್ತೀರಿ. ಅದರಲ್ಲಿ ಎಷ್ಟೋ ಈ ಎರೆಯೇ. ಈ ಪದ ಮೊದಲು ಕಾಣಿಸಿದ್ದು 2002ರಲ್ಲಿ, ಅದೂ ರಸ್ತೆಯ ವಿಷಯಕ್ಕೇ. ಹಿಂದಿನ ಗಾಡಿಯವನು ದಾರಿ ಬಿಡು ಎಂದು ಹೆಡ್‌ಲೈಟ್ ಮಿನುಗಿಸಿದಾಗ ಮುಂದಿನವನಿಗೆ ಏನಾಗುತ್ತದೆ ಎಂದು ಹೇಳಲು ಯಾರೋ ಬಳಸಿದ್ದರು. ಹೈ ಬೀಮ್ ಹಾಕಿಕೊಂಡು ಬೆನ್ನಿಗೆ ಬೀಳುವ ಗಾಡಿಗಳನ್ನು ಕಂಡ ನಮಗೆ ಇದು ಹೊಸದಲ್ಲ.

ಕೋಪ ಹೊರಗೆ ಹಾಕಿದರೆ ಕಮ್ಮಿಯಾಗುತ್ತೆ ಅಂತಾರೆ. ದುಡ್ಡು ಕೊಟ್ಟು ಬಾಟಲಿ ಒಡೆಯುವ ರೇಜ್ ರೂಮ್‌ಗೆ ಹೋಗಬಹುದಾ?

ಇದು ಪದದ ಪ್ರಶ್ನೆ ಅಲ್ಲ, ಆದರೂ ಕೇಳುತ್ತಾರೆ. ಮಜಕ್ಕೆ ಹೋಗುವುದಾದರೆ ಹೋಗಿ. ಕೋಪಕ್ಕೆ ಮದ್ದು ಎಂದು ಹೋಗಬೇಡಿ. 2024ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಅವುಗಳಲ್ಲಿ 10,000ಕ್ಕೂ ಹೆಚ್ಚು ಜನ ಇದ್ದರು. ಎದೆಬಡಿತ ಏರಿಸುವ ಕೆಲಸಗಳಿಂದ ಕೋಪ ಇಳಿಯುವುದಿಲ್ಲ, ಮೈಯನ್ನು ತಣ್ಣಗೆ ಮಾಡುವ ನಿಧಾನ ಉಸಿರು, ಧ್ಯಾನ ಇಂಥವುಗಳಿಂದ ಇಳಿಯುತ್ತದೆ ಎಂದು ಕಂಡುಬಂತು.

ಬರೆಯುವಾಗ ರೇಜ್ ಅಂತಲೋ, ರೇಂಜ್ ಅಂತಲೋ?

ರೇಜ್. ರೇಂಜ್ ಎಂದರೆ ವ್ಯಾಪ್ತಿ, ಬೇರೆಯೇ ಪದ. ಒಂದು ಸೊನ್ನೆ ಸೇರಿದರೆ ಅರ್ಥ ಕೆಡುತ್ತದೆ, ಹುಷಾರು.

ಕೊನೆಗೆ, ರೋಡ್ ರೇಜ್‌ಗೆ ಕನ್ನಡದಲ್ಲಿ ಏನನ್ನೋಣ?

ಇದನ್ನು ನಾವು ತರಗತಿಯಲ್ಲಿ ಒಂದು ಗಂಟೆ ಚರ್ಚೆ ಮಾಡಿದೆವು. ‘ರಸ್ತೆ ಕೋಪ’ ಸಪ್ಪೆ. ‘ರಸ್ತೆ ಆಕ್ರೋಶ’ ಎಂದರೆ ಗುಂಡಿ ಮುಚ್ಚಿಲ್ಲ ಎಂದು ಜನ ಧರಣಿ ಕೂತ ಹಾಗೆ ಕೇಳಿಸುತ್ತದೆ. ನನ್ನ ಓಟು ‘ರಸ್ತೆ ರೊಚ್ಚು’ ಎಂಬುದಕ್ಕೆ. ಬಾಯಿಗೂ ಚೆನ್ನಾಗಿದೆ, ಅರ್ಥಕ್ಕೂ ಹತ್ತಿರವಿದೆ. ಬೋರ್ಡಿನ ಮೇಲೆ ಬರೆದೆ.

ಮೊದಲ ಪ್ರಶ್ನೆ ಕೇಳಿದ ಆ ಕ್ಯಾಬ್ ಅಣ್ಣ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಎದ್ದು ಬಂದು, ಚಾಕ್‌ಪೀಸ್ ಇಸಿದುಕೊಂಡು, ಅದರ ಕೆಳಗೆ ತಮ್ಮದನ್ನು ಬರೆದರು: ‘ರೋಡ್ ಹುಚ್ಚು’. ಎರಡನ್ನೂ ಅಳಿಸದೆ ಹಾಗೇ ಬಿಟ್ಟಿದ್ದೇನೆ.